ಪಿಯಾನೋಗೆ ಬರವಿಲ್ಲ, ಬೀಗದ ಕೈಗೆ ಬರ

ಜರ್ಮನಿಯಲ್ಲಿ ಪಿಯಾನೋಗಳಿಗೆ ಬರವಿಲ್ಲ. ಚರ್ಚಿನ ಸಭಾಂಗಣದಲ್ಲಿದೆ, ಶಾಲೆಗಳಲ್ಲಿದೆ, ವೃದ್ಧಾಶ್ರಮದ ಊಟದ ಮನೆಯಲ್ಲಿದೆ, ಹಳೆಯ ಹೋಟೆಲಿನ ಮೂಲೆಯಲ್ಲಿ ತಲೆಯ ಮೇಲೆ ಹೂಕುಂಡ ಹೊತ್ತು ನಿಂತಿದೆ, ಅಜ್ಜಿ ತೀರಿಕೊಂಡ ಮೇಲೆ ಯಾರೂ ಮುಚ್ಚಳ ತೆರೆಯದ ಮನೆಗಳ ಹಜಾರದಲ್ಲಿದೆ. ಹಳೆ ಸಾಮಾನಿನ ಜಾಹೀರಾತು ತಾಣಗಳನ್ನು ತೆರೆದು ನೋಡಿ. ‘ಉಚಿತ, ನೀವೇ ಬಂದು ಒಯ್ಯಬೇಕು’ ಎಂಬ ಒಕ್ಕಣೆಯೊಂದಿಗೆ ಅಪ್‌ರೈಟ್ ಪಿಯಾನೋಗಳ ಫೋಟೋಗಳು ಸಾಲುಸಾಲಾಗಿ ಸಿಗುತ್ತವೆ. ಒಯ್ಯುವವರು ಸಿಗದಿದ್ದರೆ ಒಡೆದು ಕಸಕ್ಕೆ ಹಾಕುವವರೂ ಇದ್ದಾರೆ. ಇಂಥ ದೇಶಕ್ಕೆ ಸಂಶೋಧನೆಗೆಂದು ಬಂದ ನನಗೆ ವಾರಕ್ಕೆ ಎರಡು ಗಂಟೆ ನುಡಿಸಲು ಒಂದು ಪಿಯಾನೋ ಸಿಗುವುದಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು.

ಇದನ್ನು ನನ್ನ ಹಣೆಬರಹ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಈ ಹದಿನಾಲ್ಕು ತಿಂಗಳಲ್ಲಿ ನನ್ನಂಥ ಹತ್ತಾರು ಮಂದಿಯ ಪರಿಚಯವಾಗಿದೆ. ಕೀವ್‌ನಿಂದ ಬಂದ ಗಣಿತಜ್ಞೆ, ಚಿಲಿಯ ಭೂಗರ್ಭ ವಿಜ್ಞಾನಿ, ಟೆಹರಾನಿನ ಒಬ್ಬ ಹುಡುಗ, ಪುಣೆಯವಳೊಬ್ಬಳು. ಎಲ್ಲರೂ ತಮ್ಮ ಊರಿನಲ್ಲಿ ಹತ್ತು ಹನ್ನೆರಡು ವರ್ಷ ಕಲಿತವರು, ಇಲ್ಲಿಗೆ ಬಂದು ಕೈ ಕಟ್ಟಿಕೊಂಡು ಕೂತವರು. ಎಲ್ಲರಿಗೂ ಒಂದೇ ಬಗೆಯ ಉತ್ತರ ಸಿಕ್ಕಿದೆ ಎಂದರೆ ಅದು ಹಣೆಬರಹವಲ್ಲ, ಯಾರೋ ಕೂತು ಬರೆದ ನಿಯಮ. ನಿಯಮವಾದರೆ ಅದರೊಂದಿಗೆ ಜಗಳ ಆಡಬಹುದು.

ಮೊದಲು ನಮ್ಮ ಮನೆಯ ಜಗಳ ಮುಗಿಸಿಬಿಡುತ್ತೇನೆ. ಫೋನಿನಲ್ಲಿ ದೊಡ್ಡಪ್ಪ ಕೇಳಿದರು: “ಅಲ್ಲಾ ಕಣಮ್ಮಾ, ನೀನು ಅಲ್ಲಿಗೆ ಹೋಗಿರೋದು ಪಿಎಚ್‌ಡಿ ಮಾಡೋಕೋ, ಪಿಯಾನೋ ನುಡಿಸೋಕೋ?” ಅವರದು ತಮಾಷೆ. ಆದರೆ ಇದೇ ಪ್ರಶ್ನೆಯನ್ನು ಇಲ್ಲಿನ ಕಚೇರಿಗಳು ನಗದೆ ಕೇಳುತ್ತವೆ. ‘ನೀವು ಯಾವ ವಿಭಾಗದವರು?’ ನಾನು ಮಣ್ಣು ವಿಜ್ಞಾನದವಳು. ಹಗಲೆಲ್ಲ ಮಣ್ಣಿನಲ್ಲಿ ಸಾರಜನಕ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಲೆಕ್ಕ ಹಾಕುತ್ತೇನೆ. ಒಂಬತ್ತನೇ ವಯಸ್ಸಿನಿಂದ ಹತ್ತೊಂಬತ್ತರವರೆಗೆ ಮೈಸೂರಿನಲ್ಲಿ ಒಬ್ಬ ಮೇಡಮ್ಮಿನ ಮನೆಗೆ ವಾರಕ್ಕೆ ಮೂರು ದಿನ ಸೈಕಲ್ಲಿನಲ್ಲಿ ಹೋಗಿ ಪಿಯಾನೋ ಕಲಿತಿದ್ದೇನೆ. ಅವರ ಪಿಯಾನೋಗೆ ನಮ್ಮ ತಾತನ ವಯಸ್ಸು. ಮಳೆಗಾಲದಲ್ಲಿ ಮರ ಊದಿಕೊಂಡು ಒತ್ತಿದ ಪಟ್ಟಿ ಮೇಲಕ್ಕೇ ಬರುತ್ತಿರಲಿಲ್ಲ. ಅದಕ್ಕೆ ಮೇಡಂ ಪೆಟ್ಟಿಗೆಯೊಳಗೆ ನಲವತ್ತು ವ್ಯಾಟಿನ ಬಲ್ಬು ಉರಿಸಿಟ್ಟು ಅದನ್ನು ಬೆಚ್ಚಗೆ ಇಡುತ್ತಿದ್ದರು, ಬಾಣಂತಿಯನ್ನು ನೋಡಿಕೊಂಡ ಹಾಗೆ. ಶ್ರುತಿ ಮಾಡುವವರು ಬೆಂಗಳೂರಿನಿಂದ ಬರಬೇಕಿತ್ತು. ಅಷ್ಟು ಕಷ್ಟದ ನಡುವೆಯೂ ಮೈಸೂರಿನಲ್ಲಿ ನನಗೆ ಪಿಯಾನೋ ಇತ್ತು, ಪಿಯಾನೋಗಳ ಈ ನಾಡಿನಲ್ಲಿ ಇರಲಿಲ್ಲ.

ನಮ್ಮಲ್ಲಿ ಪಿಟೀಲೋ ಕೊಳಲೋ ನುಡಿಸುವವರಿಗೆ ಈ ಕಷ್ಟ ಪೂರ್ತಿ ಅರ್ಥವಾಗಲಿಕ್ಕಿಲ್ಲ. ಅವರ ವಾದ್ಯ ಉತ್ಸವಮೂರ್ತಿ, ಹೋದಲ್ಲಿಗೆ ಎತ್ತಿಕೊಂಡು ಹೋಗಬಹುದು. ಪಿಯಾನೋ ಮೂಲವಿಗ್ರಹ. ಸಾಧಾರಣ ಅಪ್‌ರೈಟ್ ಒಂದು 200ರಿಂದ 250 ಕಿಲೋ ತೂಗುತ್ತದೆ. ಒಳಗೆ 220ಕ್ಕೂ ಹೆಚ್ಚು ತಂತಿಗಳು, ಅವುಗಳ ಒಟ್ಟು ಬಿಗಿತ ಹದಿನೈದು ಇಪ್ಪತ್ತು ಟನ್ನಿನಷ್ಟು. ಅದನ್ನು ತಡೆಯಲು ಎರಕದ ಕಬ್ಬಿಣದ ಚೌಕಟ್ಟು. ವಿದ್ಯಾರ್ಥಿನಿಲಯದ ನನ್ನ ಕೋಣೆ ಹದಿನಾಲ್ಕು ಚದರ ಮೀಟರು, ಅದೂ ನಾಲ್ಕನೇ ಮಹಡಿ. ಉಚಿತವಾಗಿ ಸಿಗುವ ಪಿಯಾನೋವನ್ನು ಮೆಟ್ಟಿಲು ಹತ್ತಿಸಲು ನುರಿತ ಆಳುಗಳೇ ಬೇಕು, ಅವರಿಗೆ ನೂರಾರು ಯೂರೋ ಕೊಡಬೇಕು. ಮೂರು ವರ್ಷದ ಒಪ್ಪಂದ ಮುಗಿದು ಊರು ಬಿಡುವಾಗ ಇಳಿಸಲು ಮತ್ತೆ ಅಷ್ಟೇ.

“ಡಿಜಿಟಲ್ ತಗೋಬಾರದಾ?” ಎಂದು ಕೇಳದವರಿಲ್ಲ. ತಗೊಂಡಿದ್ದೇನೆ. ಸೆಕೆಂಡ್ ಹ್ಯಾಂಡ್, 88 ಪಟ್ಟಿ, ಹೆಡ್‌ಫೋನ್ ಸಮೇತ. ಸ್ವರಗಳನ್ನು ನೆನಪಿಟ್ಟುಕೊಳ್ಳಲು ಅದು ಸಾಕು. ಕೆಳಗಿನ ಕೋಣೆಯವನಿಗೆ ಸಂಗೀತ ಕೇಳದಿದ್ದರೂ ಪಟ್ಟಿಗಳ ಧಡ್ ಧಡ್ ಮಾತ್ರ ಕೇಳುತ್ತದಂತೆ. ಅವನು ಎರಡು ಸಲ ಬಾಗಿಲು ತಟ್ಟಿದ್ದಾನೆ, ಪಾಪ. ಆದರೆ ಪಿಯಾನೋದಲ್ಲಿ ಉಣ್ಣೆಯ ಸುತ್ತಿಗೆ ತಂತಿಗೆ ಬಡಿದು ತಾನೇ ಹಿಂದೆ ಸರಿಯುವ ಆ ಕ್ಷಣ ಬೆರಳಿಗೆ ತಿಳಿಯುತ್ತದೆ. ಪೆಡಲ್ ಒತ್ತಿದಾಗ ನೀವು ಮುಟ್ಟದ ತಂತಿಗಳೂ ಮಿಡಿಯುತ್ತವೆ. ಎಷ್ಟು ಮೆಲ್ಲಗೆ ಒತ್ತಿದರೆ ನಾದ ಹುಟ್ಟುತ್ತದೆ, ಇನ್ನೆಷ್ಟು ಮೆಲ್ಲಗಾದರೆ ಹುಟ್ಟುವುದೇ ಇಲ್ಲ ಎಂಬ ಗಡಿಯಲ್ಲೇ ಈ ವಾದ್ಯದ ವಿದ್ಯೆಯೆಲ್ಲ ಇರುವುದು. ಈಜು ಬಲ್ಲವನಿಗೆ ಬಚ್ಚಲಿನ ಟಬ್ ತೋರಿಸಿ ‘ನೀರು ತಾನೇ’ ಎಂದರೆ ಹೇಗೋ ಹಾಗಾಯಿತು ಇದು.

ಈಗ ವಿಶ್ವವಿದ್ಯಾಲಯದ ವಿಷಯಕ್ಕೆ ಬರುತ್ತೇನೆ. ನಾನಿರುವ ಊರಿನ ಹೆಸರು ಬೇಡ, ಎಲ್ಲ ಊರುಗಳ ಕತೆಯೂ ಹೆಚ್ಚುಕಡಿಮೆ ಒಂದೇ ಎಂದು ಗೆಳೆಯರು ಹೇಳುತ್ತಾರೆ. ನಮ್ಮ ಪ್ರಯೋಗಾಲಯದಿಂದ ಹತ್ತು ನಿಮಿಷ ನಡೆದರೆ ಸಂಗೀತ ವಿಭಾಗ. ನೆಲಮಾಳಿಗೆಯಲ್ಲಿ ಸಾಲಾಗಿ ಅಭ್ಯಾಸದ ಕೊಠಡಿಗಳು, ಪ್ರತಿಯೊಂದರಲ್ಲೂ ಪಿಯಾನೋ. ಬಾಗಿಲಿಗೆ ವಿದ್ಯುನ್ಮಾನ ಬೀಗ. ನನ್ನ ಗುರುತಿನ ಚೀಟಿ ಗ್ರಂಥಾಲಯದ ಬಾಗಿಲು ತೆರೆಯುತ್ತದೆ, ಕ್ಯಾಂಟೀನಿನಲ್ಲಿ ಹಣ ಪಾವತಿಸುತ್ತದೆ, ಲಕ್ಷಾಂತರ ಯೂರೋ ಬೆಲೆಯ ಮಾಸ್ ಸ್ಪೆಕ್ಟ್ರೋಮೀಟರ್ ಇರುವ ಕೋಣೆಯನ್ನು ರಾತ್ರಿ ಎರಡು ಗಂಟೆಗೂ ತೆರೆಯುತ್ತದೆ. ಪಿಯಾನೋ ಇರುವ ಕೋಣೆಗೆ ಹಿಡಿದರೆ ಕೆಂಪು ದೀಪ. ಪತ್ರ ಬರೆದೆ. ಎರಡು ವಾರದ ನಂತರ ಬಹಳ ಸೌಜನ್ಯದ ಉತ್ತರ ಬಂತು: ಕೊಠಡಿಗಳು ಸಂಗೀತ ವಿದ್ಯಾರ್ಥಿಗಳಿಗೆ ಮಾತ್ರ ಮೀಸಲು, ನಿಮ್ಮ ಆಸಕ್ತಿಗೆ ಧನ್ಯವಾದಗಳು.

ಅದೇ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗವನ್ನು ನೋಡಿ. ಸೆಮಿಸ್ಟರಿಗೆ ಇಪ್ಪತ್ತೈದು ಯೂರೋ ಕೊಟ್ಟು ನಾನು ಬ್ಯಾಡ್ಮಿಂಟನ್ ಆಡುತ್ತೇನೆ. ಬಂಡೆ ಹತ್ತುವ ಗೋಡೆ, ದೋಣಿ, ಕತ್ತಿವರಸೆ, ಯೋಗ, ಏನುಂಟು ಏನಿಲ್ಲ! ಜರ್ಮನಿಯ ವಿಶ್ವವಿದ್ಯಾಲಯಗಳು ಈ ವ್ಯವಸ್ಥೆಗೆ ಹೆಮ್ಮೆಪಡುವುದು ಸರಿಯಾಗಿಯೇ ಇದೆ. ಅಲ್ಲಿ ಯಾರೂ ‘ನೀವು ಕ್ರೀಡಾವಿಜ್ಞಾನದ ವಿದ್ಯಾರ್ಥಿಯೇ?’ ಎಂದು ಕೇಳುವುದಿಲ್ಲ. ನಾನು ಶಟಲ್ಲನ್ನು ಬಲೆಗೆ ಹೊಡೆದೇ ವರ್ಷ ಕಳೆದರೂ ಯಾರ ಅಭ್ಯಂತರವಿಲ್ಲ. ಮನುಷ್ಯನಿಗೆ ಮೈ ಇದೆ, ಅದು ಆಡಬೇಕು ಎಂಬುದನ್ನು ಸಂಸ್ಥೆ ಒಪ್ಪಿಕೊಂಡಿದೆ. ಮೈ ಎಲ್ಲರದು, ಸಂಗೀತ ಮಾತ್ರ ಪದವಿಯವರದು ಎಂದು ತೀರ್ಮಾನ ಮಾಡಿದವರು ಯಾರು?

ಬಾಖ್ ಅಂತೂ ಮಾಡಿರಲಿಲ್ಲ. ಎರಡು ದನಿಗಳ ಇನ್ವೆನ್ಷನ್ನುಗಳನ್ನು ಅವನು 1723ರಲ್ಲಿ ಶುದ್ಧಪ್ರತಿ ಮಾಡಿಟ್ಟ. ಅವು ಯಾರಿಗಾಗಿ ಎಂದು ಮುಖಪುಟದಲ್ಲೇ ಬರೆದಿದ್ದಾನೆ: ಕೀಲಿಮಣೆಯನ್ನು ಪ್ರೀತಿಸುವವರಿಗೆ, ಅದರಲ್ಲೂ ಕಲಿಯುವ ಆಸೆಯಿರುವವರಿಗೆ. ಅವನು ಬಳಸುವ ಪದ ‘ಲೀಬ್‌ಹಾಬರ್’, ಪ್ರೀತಿ ಉಳ್ಳವರು. ಮುಂದೆ ಅಚ್ಚು ಹಾಕಿಸಿದ ಕೀಲಿಮಣೆ ಕೃತಿಗಳ ಮುಖಪುಟದಲ್ಲೂ ಇದೇ ಪದ ಬರುತ್ತದೆ. ಇಂದು ಬಾಖ್‌ನ ಹೆಸರಿನಲ್ಲಿ ಉತ್ಸವಗಳಾಗುತ್ತವೆ, ಪ್ರವಾಸೋದ್ಯಮ ನಡೆಯುತ್ತದೆ. ಅವನ ಮುಖಪುಟದಲ್ಲಿರುವ ಜನಕ್ಕೆ ಮಾತ್ರ ನೆಲಮಾಳಿಗೆಯ ಬಾಗಿಲಲ್ಲಿ ಕೆಂಪು ದೀಪ.

ಎದುರಿನವರ ವಾದವನ್ನೂ ಹೇಳಬೇಕು, ಅದು ಪೂರಾ ಟೊಳ್ಳಲ್ಲ. ಸಂಗೀತ ವಿದ್ಯಾರ್ಥಿಗಳಿಗೇ ಕೊಠಡಿ ಸಾಲುವುದಿಲ್ಲ. ಬೆಳಿಗ್ಗೆ ಏಳಕ್ಕೇ ಬಂದು ಬಾಗಿಲ ಮುಂದೆ ಕಾಯುತ್ತಾರೆ. ನಾಳೆ ಪರೀಕ್ಷೆ ಇರುವವಳ ಕೊಠಡಿಯಲ್ಲಿ ಮಣ್ಣು ವಿಜ್ಞಾನದವಳು ಕೂತರೆ ಅನ್ಯಾಯವೇ. ಪಿಯಾನೋಗೆ ವರ್ಷಕ್ಕೆ ಒಂದೆರಡು ಸಲ ಶ್ರುತಿ ಮಾಡಿಸಬೇಕು, ಒಂದೊಂದು ಸಲಕ್ಕೂ ನೂರು ಯೂರೋ ಆಸುಪಾಸು ಖರ್ಚು. ಇಷ್ಟೂ ಒಪ್ಪಿದೆ. ಆದರೆ ಇಲ್ಲಿ ಫೆಬ್ರವರಿ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೂ, ಜುಲೈ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೂ ಪಾಠಗಳಿಲ್ಲ. ವಿದ್ಯಾರ್ಥಿಗಳು ತಮ್ಮ ಊರಿಗೆ ಹೋಗಿರುತ್ತಾರೆ. ಕಳೆದ ಆಗಸ್ಟಿನಲ್ಲಿ ಒಂದು ವಾರ ದಿನವೂ ಸಂಜೆ ಆರಕ್ಕೆ ಆ ಓಣಿಯಲ್ಲಿ ನಡೆದು ನೋಡಿದೆ. ಬಾಗಿಲಿನ ಗಾಜಿನ ಕಿಂಡಿಯಿಂದ ಎಣಿಸಿದರೆ ಹನ್ನೊಂದು ಕೊಠಡಿಗಳಲ್ಲಿ ಒಂದರಲ್ಲೂ ಮನುಷ್ಯರಿಲ್ಲ, ಐದು ದಿನ ಹಾಗೆಯೇ. ಸಂಶೋಧಕರಿಗೆ ಆಗಸ್ಟಿನಲ್ಲೂ ರಜೆಯಿಲ್ಲ, ನಾವೆಲ್ಲ ಊರಿನಲ್ಲೇ ಇದ್ದೆವು.

ಹಾಳು ಮಾಡುತ್ತಾರೆ ಎಂಬ ಭಯವೂ ಇದೆಯಂತೆ. ಸ್ವಾಮೀ, ನಾನು ಹಗಲು ಮುಟ್ಟುವ ಯಂತ್ರವನ್ನು ಹಾಳು ಮಾಡಿದರೆ ಅದರ ರಿಪೇರಿ ದುಡ್ಡಿನಲ್ಲಿ ಆ ಓಣಿಗೆಲ್ಲ ಹೊಸ ಪಿಯಾನೋ ಇಡಬಹುದು. ಅದಕ್ಕೆ ನನಗೆ ಕೊಟ್ಟದ್ದು ಅರ್ಧ ದಿನದ ತರಬೇತಿ, ಒಂದು ಸಹಿ.

ಸ್ವಂತ ಪಿಯಾನೋ ಇದ್ದವರ ಬಗ್ಗೆ ಈ ದೇಶದ ಕಾನೂನು ಬಹಳ ಉದಾರ. ಆಗ್ಸ್‌ಬುರ್ಗಿನಲ್ಲಿ ಮನೆಯಲ್ಲೇ ತುತ್ತೂರಿ ಅಭ್ಯಾಸ ಮಾಡುತ್ತಿದ್ದವರೊಬ್ಬರ ಮೇಲೆ ಪಕ್ಕದ ಮನೆಯವರು ಹೂಡಿದ ಮೊಕದ್ದಮೆ ಕಾರ್ಲ್ಸ್‌ರೂಹೆಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿತ್ತು. 2018ರ ಅಕ್ಟೋಬರಿನಲ್ಲಿ ತೀರ್ಪು ಬಂತು. ಮನೆಯಲ್ಲಿ ವಾದ್ಯ ನುಡಿಸುವುದು ಬದುಕಿನ ಸಹಜ ಭಾಗ, ಅದನ್ನು ಪೂರ್ತಿ ನಿಷೇಧಿಸುವಂತಿಲ್ಲ. ವಾರದ ದಿನಗಳಲ್ಲಿ ಎರಡು ಮೂರು ಗಂಟೆ, ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಒಂದೆರಡು ಗಂಟೆ ಎಂಬುದು ಸುಮಾರಾಗಿ ಹಿಡಿಯಬಹುದಾದ ಅಳತೆ. ನನಗಿದು ಬಹಳ ಇಷ್ಟವಾದ ತೀರ್ಪು. ನುಡಿಸುವುದು ಸಹಜ ಬದುಕಿನ ಭಾಗ ಎಂದು ನ್ಯಾಯಾಲಯವೇ ಹೇಳಿದ ಮೇಲೆ, ಗೋಡೆ ಗಟ್ಟಿಯಿರುವ ಮನೆಯೂ 250 ಕಿಲೋ ಮರವನ್ನು ಇಟ್ಟುಕೊಳ್ಳುವ ತಾವೂ ಇರುವವರಿಗೆ ಮಾತ್ರ ಆ ಸಹಜ ಬದುಕು ದಕ್ಕಬೇಕೇ?

ತಾವು ಯಾಕಿಲ್ಲ ಎಂಬುದಕ್ಕೂ ಕಾರಣವಿದೆ. ಸಂಶೋಧಕರನ್ನು ತಾತ್ಕಾಲಿಕ ಒಪ್ಪಂದದಲ್ಲಿ ಇಟ್ಟುಕೊಳ್ಳಲು ಇಲ್ಲಿ 2007ರಿಂದ ಪ್ರತ್ಯೇಕ ಕಾನೂನೇ ಇದೆ: ಡಾಕ್ಟರೇಟಿಗೆ ಮುಂಚೆ ಆರು ವರ್ಷ, ಆಮೇಲೆ ಆರು ವರ್ಷ. 2021ರಲ್ಲಿ ಸಾವಿರಾರು ಸಂಶೋಧಕರು ‘ನಾನೇ ಹಾನ್ನಾ’ ಎಂದು ಟ್ವಿಟರಿನಲ್ಲಿ ತಮ್ಮ ಬದುಕಿನ ಕತೆ ಹೇಳಿಕೊಂಡದ್ದು ಇದರ ವಿರುದ್ಧವೇ. ಹಾನ್ನಾ ಎನ್ನುವವಳು ಸರ್ಕಾರ ತನ್ನ ಕಾನೂನಿನ ಗುಣಗಾನಕ್ಕೆ ಮಾಡಿಸಿದ ವಿಡಿಯೋದ ಪಾತ್ರ. ನನಗೆ ಶೇಕಡಾ 65ರ ಹುದ್ದೆ, ಅಂದರೆ ಮುಕ್ಕಾಲಿಗೂ ಕಡಿಮೆ ಸಂಬಳ, ಕೆಲಸ ಮಾತ್ರ ಪೂರ್ತಿ. ಎರಡು ಮೂರು ವರ್ಷಕ್ಕೊಮ್ಮೆ ಊರು ಬದಲಿಸುವ ಜನವನ್ನು ನೀವೇ ಸೃಷ್ಟಿಸಿದ ಮೇಲೆ, ಅವರು ಬೆನ್ನ ಮೇಲೆ ಹೊತ್ತು ತರಲಾಗದ್ದನ್ನು ನೀವೇ ಒದಗಿಸಬೇಕು. ಪುಸ್ತಕದ ವಿಷಯದಲ್ಲಿ ಇದನ್ನು ಒಪ್ಪಿಕೊಂಡೇ ಗ್ರಂಥಾಲಯ ಕಟ್ಟಿದ್ದೀರಿ.

“ರೈಲ್ವೆ ನಿಲ್ದಾಣದಲ್ಲಿ ಇಟ್ಟಿರುತ್ತಾರಲ್ಲ?” ಎಂದು ಊರಿನ ಗೆಳತಿ ವಿಡಿಯೋ ಕಳಿಸಿ ಕೇಳಿದಳು. 2008ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಲ್ಯೂಕ್ ಜೆರಮ್ ಎಂಬ ಕಲಾವಿದ 15 ಪಿಯಾನೋಗಳನ್ನು ಬೀದಿಯಲ್ಲಿಟ್ಟು ಶುರು ಮಾಡಿದ ಕೆಲಸ ಮುಂದೆ ಎಷ್ಟೋ ಊರುಗಳಿಗೆ ಹಬ್ಬಿತು. ಫ್ರಾನ್ಸಿನ ರೈಲ್ವೆಯವರು 2012ರಿಂದ ನಿಲ್ದಾಣಗಳಲ್ಲಿ ಪಿಯಾನೋ ಇಡುತ್ತಿದ್ದಾರೆ. ಒಳ್ಳೆಯದೇ, ಇರಲಿ. ಆದರೆ ಸಾಧಕ ಮಾಡಿದವರಿಗೆ ಗೊತ್ತು, ಸಾಧಕ ಕೇಳಲು ಎಷ್ಟು ಅಸಹ್ಯ ಎಂದು. ಒಂದೇ ಸಾಲು ನಲವತ್ತು ಸಲ, ಬರೀ ಎಡಗೈ, ಮತ್ತೆ ಬರೀ ಬಲಗೈ, ಅರ್ಧ ವೇಗದಲ್ಲಿ, ತಪ್ಪಿದಲ್ಲಿಂದ ಪುನಃ. ಇದನ್ನು ಸೂಟ್‌ಕೇಸ್ ಹಿಡಿದು ನಿಂತ ನೂರು ಜನರ ಎದುರು ಮಾಡಲಾದೀತೆ? ನಿಲ್ದಾಣದ ಪಿಯಾನೋ ಆಗಲೇ ನುಡಿಸಲು ಬಂದವರಿಗಾಗಿ ಇದೆ, ಅದರ ಸುತ್ತ ಫೋನುಗಳು ಎದ್ದು ನಿಲ್ಲುತ್ತವೆ. ಕಲಿಯುತ್ತಿರುವವರಿಗೆ ಬೇಕಾದದ್ದು ಕೇಳುಗರಲ್ಲ, ಮುಚ್ಚುವ ಬಾಗಿಲು.

ಪರದೇಶದಲ್ಲಿ ಪಿಯಾನೋಗೆ ಅಲೆದವರಲ್ಲಿ ದೊಡ್ಡವರೂ ಇದ್ದಾರೆ. ಶೋಪೆನ್ 1838ರ ನವೆಂಬರಿನಲ್ಲಿ ಮಯೋರ್ಕಾ ದ್ವೀಪಕ್ಕೆ ಹೋದಾಗ ಪ್ಯಾರಿಸ್ಸಿನಿಂದ ಹೊರಟ ಅವನ ಪ್ಲೆಯೆಲ್ ಪಿಯಾನೋ ಬರಲು ವಾರಗಟ್ಟಲೆ ತಡವಾಯಿತು. ಬಂದ ಮೇಲೆ ಸುಂಕದ ಕಟ್ಟೆಯಲ್ಲಿ ಸಿಕ್ಕಿಬಿತ್ತು, ಚೌಕಾಸಿ ನಡೆಯಿತು. ಬೆಟ್ಟದ ಮೇಲಿನ ಮಠದಲ್ಲಿದ್ದ ಅವನ ಕೋಣೆ ಮುಟ್ಟುವಾಗ ಜನವರಿ, ಫೆಬ್ರವರಿಯಲ್ಲಿ ಅವನು ದ್ವೀಪವನ್ನೇ ಬಿಟ್ಟ. ಅಲ್ಲಿಯವರೆಗೆ ಸ್ಥಳೀಯವಾಗಿ ಸಿಕ್ಕ ಒಂದು ಕೆಟ್ಟ ಪಿಯಾನೋದ ಮೇಲೆಯೇ ಪ್ರಿಲ್ಯೂಡುಗಳ ಕೆಲಸ ಸಾಗಿತ್ತು. 1940ರಲ್ಲಿ ಹಂಗೇರಿ ಬಿಟ್ಟು ನ್ಯೂಯಾರ್ಕಿಗೆ ಬಂದ ಬಾರ್ಟೋಕ್ ಮತ್ತು ಅವನ ಹೆಂಡತಿ ಇಬ್ಬರೂ ಪಿಯಾನೋದವರು, ಜೊತೆಯಾಗಿ ಕಛೇರಿ ಕೊಡುತ್ತಿದ್ದವರು. ಎರವಲಾಗಿ ಕೊಟ್ಟಿದ್ದ ಎರಡು ಪಿಯಾನೋಗಳಲ್ಲಿ ಒಂದನ್ನು ಕಂಪನಿಯವರು ವಾಪಸು ಒಯ್ದರು.

ಇನ್ನೊಂದು ಕತೆಗೆ ಮೈಸೂರಿನ ನಂಟಿದೆ. ರಷ್ಯಾ ಬಿಟ್ಟು ಬಂದ ನಿಕೊಲಾಯ್ ಮೆಟ್ನರ್ ಎಂಬ ಪಿಯಾನೋ ವಾದಕ, ವಾಗ್ಗೇಯಕಾರ 1930ರ ದಶಕದಲ್ಲಿ ಲಂಡನ್ನಿನಲ್ಲಿ ನೆಲೆಸಿದ. ಕಾಲ ಅವನನ್ನು ಮರೆಯುತ್ತಿತ್ತು. ಅವನ ಕೈಗೆ ಧ್ವನಿಮುದ್ರಣ ಮಾಡುವ ಅವಕಾಶ ಕೊಟ್ಟದ್ದು ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಅವರ ಹಣ. ಮೆಟ್ನರ್ ತನ್ನ ಮೂರನೇ ಪಿಯಾನೋ ಕನ್ಚರ್ಟೋವನ್ನು ಅವರಿಗೆ ಅರ್ಪಿಸಿದ. ಒಡೆಯರ್ ಸ್ವತಃ ಪಿಯಾನೋ ನುಡಿಸುತ್ತಿದ್ದರು. 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಅವರೇ ಮೊದಲ ಅಧ್ಯಕ್ಷರು. ‘ಭಾರತದವಳು ಪಿಯಾನೋ ಯಾಕೆ ನುಡಿಸುತ್ತೀ, ಸಿತಾರ್ ನುಡಿಸು’ ಎಂದು ಇಲ್ಲಿ ನಗುತ್ತ ಹೇಳುವವರಿಗೆ ನಾನು ಈ ಕತೆ ಹೇಳುತ್ತೇನೆ. (ನಾನು ಸಿತಾರನ್ನು ಹತ್ತಿರದಿಂದ ನೋಡಿದ್ದೂ ಇಲ್ಲಿಯೇ, ಒಬ್ಬ ಜರ್ಮನ್ ಗೆಳೆಯನ ಮನೆಯಲ್ಲಿ.) ಆದರೆ ಈ ಕತೆಯನ್ನು ಹೆಮ್ಮೆಗೆ ಮಾತ್ರ ಬಳಸಿಕೊಳ್ಳುವುದು ನನಗೆ ಬೇಡ. ಮೆಟ್ನರ್‌ಗೆ ಸಿಕ್ಕದ್ದು ಅರಸರ ಕೃಪೆ. ಅರಸರ ಕಣ್ಣಿಗೆ ಬೀಳದ ನಿರಾಶ್ರಿತ ವಾದಕರು ಎಷ್ಟು ಮಂದಿ ಇದ್ದಿರಬೇಕು! ನನಗೂ ಕೀವ್‌ನ ಗಣಿತಜ್ಞೆಗೂ ಕೃಪೆ ಬೇಕಿಲ್ಲ, ಬ್ಯಾಡ್ಮಿಂಟನ್ನಿನ ಹಾಗೆ ಇಪ್ಪತ್ತೈದು ಯೂರೋ ತೆತ್ತು ಪಡೆಯುವ ಒಂದು ಚೀಟಿ ಸಾಕು.

ಕೃಪೆಯ ರುಚಿ ಏನೆಂದು ಗೊತ್ತಿದೆ. ಕೊನೆಗೆ ನನಗೆ ಪಿಯಾನೋ ಸಿಕ್ಕಿದ್ದು ಒಂದು ಚರ್ಚಿನ ಸಭಾಂಗಣದಲ್ಲಿ. ಅಲ್ಲಿ ಕಸ ಗುಡಿಸಿ ಬಾಗಿಲು ನೋಡಿಕೊಳ್ಳುವ ಹೆಂಗಸು, ಎಪ್ಪತ್ತರ ಹತ್ತಿರದವರು, ನನ್ನ ಹೆಸರು ಕೇಳಿದರು, ಅದನ್ನು ಮೂರು ಸಲ ಹೇಳಿ ನೋಡಿದರು, ಬೀಗದ ಕೈ ಕೊಟ್ಟರು. ಅರ್ಜಿ ಇಲ್ಲ, ವಿಭಾಗದ ಪ್ರಶ್ನೆಯಿಲ್ಲ. ಮಂಗಳವಾರ ಮತ್ತು ಶುಕ್ರವಾರ ಒಂದೊಂದು ಗಂಟೆ. ಚಳಿಗಾಲದಲ್ಲಿ ಖರ್ಚು ಉಳಿಸಲು ಹೀಟರ್ ಹಾಕುವುದಿಲ್ಲ, ಬೆರಳ ತುದಿ ಕತ್ತರಿಸಿದ ಉಣ್ಣೆಯ ಕೈಗವಸಿನಲ್ಲಿ ನುಡಿಸುತ್ತೇನೆ. ಅವರ ಋಣ ದೊಡ್ಡದು. ಆದರೆ ಅವರಿಗೆ ಮಂಡಿನೋವು ಹೆಚ್ಚಾಗಿ ಕೆಲಸ ಬಿಟ್ಟ ದಿನ ಬೀಗದ ಕೈ ಯಾರ ಹತ್ತಿರ ಹೋಗುತ್ತದೋ ನನಗೆ ಗೊತ್ತಿಲ್ಲ. ಒಬ್ಬರ ಒಳ್ಳೆಯತನದ ಮೇಲೆ ನಿಂತದ್ದು ಅವರು ಎದ್ದು ಹೋದರೆ ಹೋಯಿತು.

ಇದನ್ನು ಕನ್ನಡದಲ್ಲಿ ಬರೆಯುವುದಕ್ಕೂ ಕಾರಣವಿದೆ. ನಾನು ಎಂಎಸ್ಸಿ ಓದಿದ ಕಡೆ ಎರಡು ಹಾರ್ಮೋನಿಯಂ, ಒಂದು ಜೊತೆ ತಬಲಾ ಇದ್ದವು. ಯುವಜನೋತ್ಸವಕ್ಕೆ ಹದಿನೈದು ದಿನ ಇರುವಾಗ ಬೀರುವಿನಿಂದ ಹೊರಬರುತ್ತಿದ್ದವು, ಬಹುಮಾನದ ಫೋಟೋ ತೆಗೆದ ಮಾರನೇ ದಿನ ಒಳಗೆ ಹೋಗುತ್ತಿದ್ದವು. ಬೀರುವಿನ ಕೀ ಯಾವತ್ತೂ ರಜೆಯಲ್ಲಿರುವ ಒಬ್ಬ ಸಿಬ್ಬಂದಿಯ ಜೇಬಿನಲ್ಲಿ. ವರ್ಷದ ಉಳಿದ ಹನ್ನೊಂದೂವರೆ ತಿಂಗಳು ಹಾರ್ಮೋನಿಯಂ ಬಲ್ಲ ಹುಡುಗರು ಹಾಸ್ಟೆಲ್ಲಿನ ಮೇಜು ಬಡಿದುಕೊಂಡು ಹಾಡುತ್ತಿದ್ದರು. ನೆಲಮಾಳಿಗೆಯ ವಿದ್ಯುನ್ಮಾನ ಬೀಗಕ್ಕೂ ಗೋದ್ರೇಜ್ ಬೀರುವಿಗೂ ಬೆಲೆಯಲ್ಲಿ ವ್ಯತ್ಯಾಸವಿದೆ, ಬುದ್ಧಿಯಲ್ಲಿಲ್ಲ. ಎರಡೂ ಕಡೆ ವಾದ್ಯವೆಂದರೆ ದಾಸ್ತಾನು ಪುಸ್ತಕದಲ್ಲಿ ಬರೆದ ಒಂದು ಆಸ್ತಿ. ಮುಟ್ಟದಿದ್ದರೆ ಲೆಕ್ಕ ಸರಿಯಾಗಿರುತ್ತದೆ.

ಲೈಪ್‌ಜಿಗ್ಗಿನ ವಾದ್ಯ ಸಂಗ್ರಹಾಲಯದಲ್ಲಿ ಪಿಯಾನೋ ಕಂಡುಹಿಡಿದ ಕ್ರಿಸ್ಟೊಫೋರಿ ತನ್ನ ಕೈಯಾರೆ 1726ರಲ್ಲಿ ಮಾಡಿದ ವಾದ್ಯವಿದೆ. ಅವನ ಪಿಯಾನೋಗಳಲ್ಲಿ ಜಗತ್ತಿನಲ್ಲಿ ಉಳಿದಿರುವುದೇ ಮೂರು. ಅದನ್ನು ಮುಟ್ಟಬೇಡಿ ಎಂದರೆ ಎರಡು ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ, ಯಾವ ತಕರಾರೂ ಇಲ್ಲ. ನೆಲಮಾಳಿಗೆಯ ಹನ್ನೊಂದು ಪಿಯಾನೋಗಳಿಗೆ ಮೂವತ್ತು ನಲವತ್ತು ವರ್ಷ ಮೀರಿರಲಿಕ್ಕಿಲ್ಲ. ಅವು ಕಾರ್ಖಾನೆಯಲ್ಲಿ ತಯಾರಾದ ಸರಕು, ಬಳಸಲೆಂದೇ ಮಾಡಿದವು.

ದಾರಿ ಇಲ್ಲವೆಂದಲ್ಲ. ಜರ್ಮನಿಯ ಹಲವು ನಗರ ಗ್ರಂಥಾಲಯಗಳ ಸಂಗೀತ ವಿಭಾಗದಲ್ಲಿ ಹೆಡ್‌ಫೋನ್ ಹಾಕಿಕೊಂಡು ನುಡಿಸುವ ಡಿಜಿಟಲ್ ಪಿಯಾನೋಗಳಿವೆ, ಕೆಲವು ಕಡೆ ಬಾಗಿಲಿರುವ ಕೋಣೆಯಲ್ಲಿ ನಿಜವಾದ ಪಿಯಾನೋವೇ ಇದೆ. ಅಲ್ಲಿ ಕೇಳುವುದು ಗ್ರಂಥಾಲಯದ ಕಾರ್ಡ್ ಒಂದೇ. ನಗರಸಭೆಗೆ ಸಾಧ್ಯವಾದದ್ದು ವಿಶ್ವವಿದ್ಯಾಲಯಕ್ಕೆ ಯಾಕಾಗದು?

ನಾವು ಹದಿನೇಳು ಮಂದಿ ಸೇರಿ ಅಕ್ಟೋಬರಿನಲ್ಲಿ ಒಂದು ಮನವಿ ಕೊಟ್ಟಿದ್ದೇವೆ. ಕೇಳಿರುವುದು ಇಷ್ಟು: ಪಾಠವಿಲ್ಲದ ತಿಂಗಳುಗಳಲ್ಲಿ ಸಂಜೆ ಆರರಿಂದ ಒಂಬತ್ತರವರೆಗೆ ನಾಲ್ಕು ಕೊಠಡಿ, ಕ್ರೀಡಾ ವಿಭಾಗದಷ್ಟೇ ಶುಲ್ಕ, ಆ ಹಣ ಶ್ರುತಿ ಮಾಡಿಸಲು. ಸಂಗೀತ ವಿದ್ಯಾರ್ಥಿ ಬಂದು ಕೇಳಿದರೆ ನಾವು ಎದ್ದು ಜಾಗ ಬಿಟ್ಟುಕೊಡುತ್ತೇವೆ ಎಂದೂ ಬರೆದಿದ್ದೇವೆ. ಸಹಿ ಹಾಕಿದವರಲ್ಲಿ ಮೂವರು ಸಂಗೀತ ವಿದ್ಯಾರ್ಥಿಗಳೇ. ಮನವಿಯನ್ನು ಸಂಬಂಧಪಟ್ಟ ಸಮಿತಿಗೆ ಕಳಿಸಲಾಗಿದೆ, ಸಮಿತಿ ಜನವರಿಯಲ್ಲಿ ಸೇರುತ್ತದೆ ಎಂದು ಉತ್ತರ ಬಂದಿದೆ. ಟೆಹರಾನಿನ ಹುಡುಗನ ಒಪ್ಪಂದ ಡಿಸೆಂಬರಿಗೆ ಮುಗಿಯುತ್ತದೆ.